ಗುರುವಾರದ ಕುರ್ಚಿ

ಕೈಯಲ್ಲಿ ಎರಡು ರಾಜ ಇಟ್ಟುಕೊಂಡು ಕನ್ನಡಕದಂಗಡಿಯವನು ಇಸ್ಪೀಟಿನ ಎಲೆ ಕೆಳಗಿಟ್ಟ.

ಉಳಿದವರೆಲ್ಲ ಆಗಲೇ ಎಲೆ ಬಿಟ್ಟು ಪ್ಯಾಕ್ ಆಗಿದ್ದರು. ಹಾಗಾಗಿ ಆ ಸುತ್ತಿನ ಪಣದ ಬಿಲ್ಲೆಗಳು ಪೂರ್ತಿಯಾಗಿ ಅವನ ಎಡಗಡೆಯ ಖಾಲಿ ಕುರ್ಚಿಗೆ ಸೇರಿದವು. ಡ್ರಿಲ್ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಕೈ ಚಾಚಿ ಅವನ ಎಲೆ ಮಗುಚಿಯೇಬಿಟ್ಟರು.

"ಎರಡು ರಾಜ ಇಟ್ಕೊಂಡು ಯಾರಾದ್ರೂ ಪ್ಯಾಕ್ ಆಗ್ತಾರೇನ್ರೀ? ಅದೂ ಖಾಲಿ ಕುರ್ಚಿಗೆ ಹೆದರಿ?"

"ನನ್ನ ಎಲೆ, ನನ್ನಿಷ್ಟ."

"ಇಷ್ಟ ಅಂತೆ. ನೋಡಮ್ಮ, ಇವರದು ಪ್ರತಿ ಗುರುವಾರ ಇದೇ ರಾಗ," ಎಂದು ಮೇಷ್ಟ್ರು ಎಲೆ ಹಂಚುವವಳಿಗೆ ದೂರು ಕೊಟ್ಟರು.

ಆಕೆ ಈ ಕ್ಲಬ್ಬಿನ ಶನಿವಾರದ ಆಟಕ್ಕೆ ಹಂಚುವವಳು. ಗುರುವಾರದವನಿಗೆ ಜ್ವರ ಬಂದದ್ದಕ್ಕೆ ಇವತ್ತೊಂದು ದಿನ ಬದಲಿಗೆ ಬಂದಿದ್ದಳು. ಮಧ್ಯಾಹ್ನ ಕನ್ನಡಕದಂಗಡಿಯವನು ತನ್ನದೂ ಪಕ್ಕದ ಕುರ್ಚಿಯದೂ ಎರಡು ಹೆಸರು ಬರೆಸಿದಾಗ ಪೆನ್ನು ಹಿಡಿದ ಅವಳ ಕೈ ನಿಂತುಹೋಗಿತ್ತು. "ಇನ್ನೊಂದ್ಸಲ ಹೇಳಿ ಸಾರ್," ಎಂದು ಕೇಳಿ, ಅವನ ಮುಖವನ್ನೇ ನೋಡುತ್ತ ಬರೆದುಕೊಂಡಿದ್ದಳು. ಈಗ ಮೇಷ್ಟ್ರ ದೂರಿಗೆ, "ನನಗೆ ಇದೇನೂ ಹೊಸದಲ್ಲ ಬಿಡಿ," ಎಂದಷ್ಟೇ ಹೇಳಿ ಎಲೆ ಕಲಸಿದಳು.

ಗೆದ್ದವರಿಗೆ ಸಿಗುವುದು ಒಂದು ಫ್ಲಾಸ್ಕ್. ಅಷ್ಟಕ್ಕೆ ಇಷ್ಟೊಂದು ತಲೆಬಿಸಿಯೇ ಎಂದು ಕೇಳಬೇಡಿ, ಪೋಕರ್ ಆಡುವವರ ಜಾತಿಯೇ ಹಾಗೆ. ಪಂದ್ಯಾವಳಿಯ ನಿಯಮವೂ ಹಾಗೆಯೇ. ಹೆಸರು ಬರೆಸಿದವನು ಬಾರದಿದ್ದರೂ ಅವನ ಪಾಲಿನ ಬಿಲ್ಲೆ ಮೇಜಿನ ಮೇಲಿರುತ್ತದೆ. ಎಲೆ ಹಂಚುತ್ತಾರೆ, ಸರದಿ ಬಂದಾಗ ಕಟ್ಟಲೇಬೇಕಾದ ಪಣ ಎತ್ತುತ್ತಾರೆ. ಉಳಿದವರೆಲ್ಲ ಎಲೆ ಬಿಟ್ಟರೆ ಆ ಸುತ್ತಿನ ಪಣ ಕುರ್ಚಿಗೆ, ಯಾರಾದರೂ ಏರಿಸಿದರೆ ಕುರ್ಚಿಯೇ ಎಲೆ ಬಿಟ್ಟಂತೆ. ಬಿಲ್ಲೆ ಮುಗಿಯುವ ತನಕ ಅವನು ಯಾವ ಗಳಿಗೆಯಲ್ಲಾದರೂ ಬಂದು ಕೂರಬಹುದು. ಮುಗಿದರೆ ಕುರ್ಚಿ ಗೋಡೆಗೆ ಹೋಗುತ್ತದೆ.

ಕನ್ನಡಕದಂಗಡಿಯವನಿಗೆ ಫ್ಲಾಸ್ಕು ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ತಮ್ಮ.

ಪೋಕರ್ ಕಲಿಸಿದವನೇ ತಮ್ಮ. "ಗೆದ್ಯಾ ಸೋತ್ಯಾ ಅಂತ ನೋಡ್ಬೇಡ ಅಣ್ಣ. ತೀರ್ಮಾನ ಸರಿಯಿತ್ತಾ, ಅದನ್ನ ನೋಡು," ಎಂದು ತಲೆ ತಿನ್ನುತ್ತಿದ್ದ. ನೋಟ್‌ಬುಕ್ ಕೊಡಿಸಿ, ಪ್ರತಿ ಆಟವನ್ನೂ ಬರೆಸಿ, ತಪ್ಪಿದ್ದಲ್ಲಿ ಕೆಂಪು ಗೆರೆ ಎಳೆಯುತ್ತಿದ್ದ. ಅಂಥ ಗುರುವಿಗೇ ಅಣ್ಣ ಒಮ್ಮೆ ಕೊನೆಯ ಸುತ್ತಿನಲ್ಲಿ ಗೆಲ್ಲುವ ಎಲೆ ಕೈಯಲ್ಲಿದ್ದೂ ಬಿಟ್ಟುಕೊಟ್ಟ. ಪಾಪ, ಗೆಲ್ಲಲಿ ಎಂದುಕೊಂಡ. ತಮ್ಮನಿಗೆ ಅದು ಗೊತ್ತಾಗಿಹೋಯಿತು.

"ನಾನಿನ್ನೂ ನಿನ್ನ ಕೈ ಹಿಡ್ಕೊಂಡು ಓಡಾಡೋ ಮಗು ಅಂದ್ಕೊಂಡಿದೀಯಾ?"

ಅಷ್ಟೇ ಮಾತು. ಆಮೇಲೆ ಎರಡು ವರ್ಷ ಮಾತಿಲ್ಲ. ಇವನು ಫೋನ್ ಎತ್ತಿಕೊಳ್ಳುತ್ತಿದ್ದ, ಕೆಳಗಿಡುತ್ತಿದ್ದ. ಮೊದಲು ಮಾತಾಡಿದವನು ಸೋತಂತೆ ಎಂಬ ಹಟ ಇಬ್ಬರಿಗೂ ಅಪ್ಪನಿಂದ ಬಂದದ್ದು. ಮನೆಯಲ್ಲಿ ಇವನೊಬ್ಬನೇ. ಒಂದು ತಟ್ಟೆ ತೊಳೆದಿಟ್ಟರೆ ಅಡುಗೆಮನೆಯ ಕೆಲಸ ಮುಗಿಯಿತು.

ಸ್ವಂತ ಅಂಗಡಿಗೆ ರಜೆ ಇದ್ದದ್ದು ಶನಿವಾರ. ಆದರೂ ಅವನು ಗುರುವಾರವೇ ಅರ್ಧ ದಿನ ಬಾಗಿಲೆಳೆದು, ಗಿರಾಕಿಗಳ ಬೈಗುಳ ತಿಂದು, ಇಲ್ಲಿಗೆ ಬರುತ್ತಿದ್ದ. ತಮ್ಮ ದುಡಿಯುವ ಬೇಕರಿಗೆ ವಾರದ ರಜೆ ಗುರುವಾರ. ಎಂದಾದರೊಂದು ದಿನ ಅವನನ್ನು ಕಾಲುಗಳೇ ಇತ್ತ ಎಳೆದು ತಂದರೆ, ಬಾಗಿಲಲ್ಲಿ ನಿಂತು ನೋಡಿದರೆ, ಅಣ್ಣನ ಪಕ್ಕ ತನ್ನ ಜಾಗ ಹಾಗೇ ಇರಬೇಕು. ಅದಕ್ಕೇ ಆ ಎರಡು ರಾಜರನ್ನೂ ಬಿಟ್ಟುಕೊಟ್ಟದ್ದು.

ನಾಲ್ಕು ಗಂಟೆಯ ಹೊತ್ತಿಗೆ ಮೇಷ್ಟ್ರು ವರಸೆ ಬದಲಿಸಿದರು. ಖಾಲಿ ಕುರ್ಚಿಯ ಪಣ ಬಂದಾಗಲೆಲ್ಲ ಏರಿಸಿ ಏರಿಸಿ ನುಂಗತೊಡಗಿದರು. ಕುರ್ಚಿಗೆ ಬಾಯಿಲ್ಲವಲ್ಲ. ಕುರ್ಚಿಯ ಬಿಲ್ಲೆ ಒಂದು ಹಿಡಿಗೆ ಇಳಿಯಿತು.

ಕನ್ನಡಕದಂಗಡಿಯವನ ಕೈಯಲ್ಲಿ ಒಂದು ಏಳು, ಒಂದು ಎರಡು. ಇದಕ್ಕಿಂತ ದರಿದ್ರ ಎಲೆ ಈ ಆಟದಲ್ಲಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇತ್ತು, ಇದು ಬಂದರೆ ಯೋಚಿಸದೆ ಬಿಟ್ಟುಬಿಡು. ಅವನು ಬಾಗಿಲ ಕಡೆ ನೋಡಿದ. ತನ್ನ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿದ. ಮೇಷ್ಟ್ರು ಹೆದರಿ ಎಲೆ ಬಿಟ್ಟರೆ ಕುರ್ಚಿಗೆ ಇನ್ನು ಮುಂದೆ ಕಾಟ ಕಡಿಮೆಯಾದೀತು.

ಮೇಷ್ಟ್ರು ಹೆದರಲಿಲ್ಲ. ಅವರ ಕೈಯಲ್ಲಿ ಎರಡು ರಾಣಿ.

ಇದ್ದ ಬಿಲ್ಲೆಯೆಲ್ಲ ಹೋಗಿ ಕನ್ನಡಕದಂಗಡಿಯವನು ಎದ್ದು ನಿಂತ. ಎದ್ದವನು ಹೋಗಲಿಲ್ಲ, ಖಾಲಿ ಕುರ್ಚಿಯ ಬೆನ್ನು ಹಿಡಿದು ನಿಂತ. ಮೂರು ಸುತ್ತಿನಲ್ಲಿ ಅದರ ಬಿಲ್ಲೆಯೂ ಮುಗಿಯಿತು. ಅವನೇ ಕುರ್ಚಿಯನ್ನೆತ್ತಿ ಗೋಡೆಗೆ ಒರಗಿಸಿದ. ನೂರು ಗುರುವಾರ ಆಗಿಹೋಗಿತ್ತು. ತಮ್ಮನಿಗೆ ತಾನು ಬೇಡವಾಗಿದ್ದೇನೆ ಎಂಬುದನ್ನು ಒಪ್ಪಿಕೊಳ್ಳಲು ಇನ್ನೆಷ್ಟು ಬೇಕು?

ಆಟ ಮುಗಿದು ಮೇಷ್ಟ್ರು ಫ್ಲಾಸ್ಕ್ ಕಂಕುಳಲ್ಲಿಟ್ಟುಕೊಂಡು ಹೋದರು. ಹಂಚುವವಳು ಎಲೆ ಜೋಡಿಸುತ್ತಿದ್ದಳು.

"ಒಂದು ಉಪಕಾರ ಮಾಡಮ್ಮ. ಮುಂದಿನ ವಾರದಿಂದ ಆ ಇನ್ನೊಂದು ಹೆಸರು ಬೇಡ. ನನ್ನದೂ ಬೇಡ. ರಿಜಿಸ್ಟರಿನಲ್ಲಿ ಹೊಡೆದುಹಾಕಿಬಿಡು."

"ಆಡ್ತಾ ಇರೋವಾಗ ಹಂಚೋರು ಮಾತಾಡಬಾರದು ಸಾರ್. ಅದಕ್ಕೇ ಇಷ್ಟೊತ್ತು ಬಾಯಿ ಕಟ್ಕೊಂಡಿದ್ದೆ," ಎಂದಳು ಆಕೆ. "ನಿಮ್ಮ ಪಕ್ಕದ ಕುರ್ಚಿಗೆ ಬರೆಸಿದ್ರಲ್ಲ, ಅವರು ನಿಮಗೇನಾಗ್ಬೇಕು?"

"ತಮ್ಮ. ಬರೋದಿಲ್ಲ ಅವನು."

ಆಕೆ ರಿಜಿಸ್ಟರ್ ಮುಚ್ಚಿದಳು.

"ಬರ್ತಾರೆ ಸಾರ್. ಶನಿವಾರ ಅಣ್ಣನ ಅಂಗಡಿಗೆ ರಜೆ, ಬಂದ್ರೆ ಅವತ್ತೇ ಬರ್ತಾನೆ ಅಂತ, ಬೇಕರಿಗೆ ರಜೆ ಹಾಕಿ ಬಂದು, ಎರಡು ವರ್ಷದಿಂದ ನಿಮ್ಮ ಹೆಸರು ಬರೆಸಿ ನಿಮ್ಮ ಕುರ್ಚಿ ಕಾಯ್ತಿದಾರೆ."