ಉಪ್ಪು ತಿನ್ನಿಸಿದವರ ಕಾಲು

ಉಪ್ಪು ತಿಂದವನು ನೀರು ಕುಡಿಯಬೇಕು ಎಂಬ ಗಾದೆ ಈಗ ಯಾವ ಕೆಲಸಕ್ಕೂ ಬಾರದು. ಹೃದಯ ಸೋತವರು ಉಪ್ಪು ತಿಂದರೆ ನೀರು ತುಂಬುವುದು ತಿನ್ನಿಸಿದವರ ಕಾಲಲ್ಲಿ. ಅದಕ್ಕೇ ನಮ್ಮ ವಾರ್ಡಿನಲ್ಲಿ ನಾವು ನರ್ಸುಗಳು ಬೆಳಿಗ್ಗೆ ಮೊದಲು ಒತ್ತಿ ನೋಡುವುದು ಊಟದ ಡಬ್ಬಿ ತಂದವರ ಪಾದಗಳನ್ನು.

ನೀಲವ್ವ ಗಂಡನ ಸೇವೆಗೆಂದು ಬಂದವರು. ಗಂಡನಿಗೆ ತಿನ್ನಿಸಿ ತಿನ್ನಿಸಿ ಅವರ ಹೃದಯವೂ ಸೋತು, ನಿನ್ನೆಯಿಂದ ಪಕ್ಕದ ಮಂಚ ಹಿಡಿದಿದ್ದಾರೆ. ನನ್ನನ್ನು ಕಂಡದ್ದೇ ಸೀರೆಯ ನೆರಿಗೆ ಎಳೆದು ಪಾದ ಮುಚ್ಚಿಕೊಂಡರು. ಸರಿಸಿ, ಹೆಬ್ಬೆರಳಿನಿಂದ ಒತ್ತಿದೆ. ಬಿದ್ದ ಕುಳಿ ಮೇಲೇಳಲಿಲ್ಲ. ಕಾಲುಂಗುರ ಮಾಂಸದೊಳಗೆ ಹೂತುಹೋಗಿತ್ತು.

"ಮತ್ತ ಉಪ್ಪಿನಕಾಯಿ ಕೊಟ್ರೇನ್ರಿ, ಅವ್ವಾರ?"

"ಬಾಯಿ ಸಪ್ಪಗ ಆಗೈತಿ ಅಂತಾರ್ರೀ, ಸಿಸ್ಟರ್."

ಗಂಡ ಚನ್ನವೀರಪ್ಪನವರು ತಮ್ಮ ತೆಳ್ಳನೆಯ ಕಾಲುಗಳನ್ನು ಆರಾಮವಾಗಿ ಚಾಚಿ ಮಲಗಿದ್ದರು.

"ನಾ ಏನ್ ಜುಲುಮಿ ಮಾಡಿಲ್ರಿ. ಆಕಿನ ಪ್ರೀತಿಲೆ ಕೊಡ್ತಾಳ," ಎಂದರು.

ಪ್ರೀತಿಯಂತೆ. ತುಟಿಯ ಅಂಚಿನಲ್ಲಿ ಇನ್ನೂ ಎಣ್ಣೆ ಹೊಳೆಯುತ್ತಿತ್ತು. ದಿಂಬಿನ ಕೆಳಗಿದ್ದ ಉಪ್ಪಿನಕಾಯಿ ಡಬ್ಬಿ ತೆಗೆದು ಅವರ ಕೈಯಲ್ಲೇ ಇಟ್ಟೆ.

"ಹಂಗಿದ್ರ ನೀವೂ ಪ್ರೀತಿಲೆ ಆಕಿಗೆ ಒಂದ್ ಹೋಳು ತಿನ್ಸ್ರಿ. ನೀರು ನಿಮ್ಮ ಕಾಲಿಗೆ ಇಳೀತೈತಿ, ಅಷ್ಟ."

ಚನ್ನವೀರಪ್ಪನವರು ಡಬ್ಬಿಯನ್ನೂ ಹೆಂಡತಿಯನ್ನೂ ನೋಡಿದರು. ಆಮೇಲೆ ಮೆಲ್ಲನೆ ಹೊದಿಕೆ ಎಳೆದು ತಮ್ಮ ಎರಡೂ ಪಾದಗಳನ್ನು ಮುಚ್ಚಿಕೊಂಡರು.

"ಆಕಿಗೆ ಉಪ್ಪಿನಕಾಯಿ ಸೇರಂಗಿಲ್ರಿ," ಎಂದರು.

ನೀಲವ್ವ ಆಗಲೇ ಬಾಯಿ ತೆರೆದು ಕೂತಿದ್ದರು.