ಎರಡನೆಯ ಎಲೆ

ಎಣಿಕೆಗೆ ನಿಲುಕದ, ಎಲ್ಲ ಎಣಿಕೆಗೂ ಮೂಲನಾದ ಪರಮಾತ್ಮನಿಗೆ ನಮಿಸಿ ಈ ಕಥೆಯನ್ನು ಆರಂಭಿಸುತ್ತೇನೆ.

ಆ ಊರಿನಲ್ಲಿ ಪ್ರತಿಯೊಬ್ಬರೂ ಒಂದು ಸಂಖ್ಯೆಯೊಡನೆ ಹುಟ್ಟುತ್ತಿದ್ದರು. ನಾಮಕರಣದಂದು ತೊಟ್ಟಿಲಿಗೆ ಹಾಕುವವರು ತಮ್ಮ ಸಂಖ್ಯೆಯಿಂದ ಮಗುವಿನದನ್ನು ಗುಣಿಸುವುದು ಪದ್ಧತಿ. ಒಂದರ ಹೊರತು ಬೇರೊಂದು ಸಾಮಾನ್ಯ ಭಾಜಕವಿದ್ದವರು ಮಾತ್ರ ಜೊತೆಗೆ ಕುಳಿತು ಉಣ್ಣುತ್ತಿದ್ದರು. ತಬ್ಬಲಿಯಾದ ಚೆಲ್ವಾಂಬೆಯನ್ನು ಯಾರೂ ತೊಟ್ಟಿಲಿಗೆ ಹಾಕಿರಲಿಲ್ಲ. ಅವಳ ನಲವತ್ತಂಕಿಯ ಸಂಖ್ಯೆ ಅವಿಭಾಜ್ಯವಾಗಿಯೇ ಉಳಿದು, ಯಾರ ಸಂಖ್ಯೆಯೊಡನೆಯೂ ಹೊಂದಲಿಲ್ಲ. ಆಕೆ ಕಂಬದ ಮರೆಯಲ್ಲಿ ಒಂಟಿ ಎಲೆಯ ಮುಂದೆ ಕುಳಿತು, ಪಂಕ್ತಿಯ ನಗುವನ್ನು ಆಲಿಸುತ್ತಲೇ ಮುದುಕಿಯಾದಳು.

ಒಂದು ದಿನ ನೆರೆಮನೆಯ ತುಂಗೆ ನಾಮಕರಣವಾಗಬೇಕಿದ್ದ ತನ್ನ ಕೂಸನ್ನು ಅವಳತ್ತ ಚಾಚಿದಳು.

“ಚೆಲ್ವಕ್ಕ, ತೊಟ್ಟಿಲಿಗೆ ನೀವೇ ಹಾಕಿ.”

“ಹುಚ್ಚು ಹಿಡೀತೇನೇ? ನನ್ನದು ಸೇರಿದ್ರೆ ಇವಳು ಪಂಕ್ತೀಲಿ ಕೂತು ತನ್ನ ಸಂಖ್ಯೆ ಹೇಳಿ ಮುಗಿಸೋಷ್ಟರಲ್ಲಿ ಅನ್ನ ಆರಿಹೋಗುತ್ತೆ!”

“ಆರಲಿ ಬಿಡಿ. ಗುಣಿಸಿದ್ರೆ ಇವಳ ಜೊತೆಗಾರರು ಯಾರೂ ಕಡಿಮೆಯಾಗಲ್ಲ. ನೀವೊಬ್ರು ಹೆಚ್ಚಾಗ್ತೀರಿ.”

ಚೆಲ್ವಾಂಬೆ ಕೂಸನ್ನು ತೊಟ್ಟಿಲಿಗೆ ಹಾಕಿದಳು.

ಮಧ್ಯಾಹ್ನ ಕಂಬದ ಮರೆಯಲ್ಲಿ ಎರಡನೆಯ ಎಲೆ ಬಿತ್ತು. ಮಡಿಲಲ್ಲಿ ಮಲಗಿದ್ದ, ಇನ್ನೂ ಹಲ್ಲು ಮೂಡದ ಕೂಸಿನ ಎಲೆಗೂ ಚೆಲ್ವಾಂಬೆ ತುಪ್ಪ ಬಡಿಸಿದಳು. ಬಳಿಕ, ಜೊತೆಯವರು ಕೈಯಿಡಲೆಂದು ಕಾಯುವವಳಂತೆ, ತನ್ನ ತುತ್ತನ್ನು ಹಿಡಿದು ಕುಳಿತೇ ಇದ್ದಳು.

ಇದನ್ನು ಕೇಳಿದವರೆಲ್ಲರ ಮಗ್ಗುಲಲ್ಲೂ ಇನ್ನೊಂದು ಎಲೆ ಹಾಸಿರಲಿ, ಸರ್ವರಿಗೂ ಮಂಗಳವಾಗಲಿ.