ಎರಡು ಪೊಟ್ಟಣ ರಂಗೋಲಿ ಪುಡಿ

ಅಮ್ಮ ಮನೆಯಲ್ಲೇ ಬಿಳಿಕಲ್ಲು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ರಂಗೋಲಿ ಪುಡಿ ಮಾರುತ್ತಾಳೆ. ಈ ವರ್ಷ ಅವಳ ಕೆಮ್ಮು ಹೆಚ್ಚಾಗಿದೆ. ನಾನು ಯಾರಿಗೂ ಹೇಳದೆ ಎರಡು ಪೊಟ್ಟಣ ಕಟ್ಟಿಕೊಂಡು ಹೋಗಿ, ನಮ್ಮ ಪ್ರಯೋಗಾಲಯದಲ್ಲಿ ಬೆಳೆಸುವ ಶ್ವಾಸಕೋಶದ ಜೀವಕೋಶಗಳ ಮೇಲೆ ಹಾಕಿ ನೋಡಿದೆ. ಒಂದರಲ್ಲಿ ಬಟ್ಟೆಯ ಮೇಲೆ ಉಳಿದ ತರಿ, ಇನ್ನೊಂದರಲ್ಲಿ ಬಟ್ಟೆಯಿಂದ ಕೆಳಗಿಳಿದ ಸಣ್ಣ ಪುಡಿ. ಕಲ್ಲು ಒಂದೇ, ತೂಕವೂ ಒಂದೇ. ತರಿ ಬಿದ್ದ ಜೀವಕೋಶಗಳು ಹೆಚ್ಚುಕಡಿಮೆ ಹಾಗೇ ಇದ್ದವು. ಸಣ್ಣ ಪುಡಿ ಬಿದ್ದ ಜೀವಕೋಶಗಳು ಮಾರನೆಯ ದಿನಕ್ಕೆ ಮುಕ್ಕಾಲುಪಾಲು ಸತ್ತಿದ್ದವು.

ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡ ಮಾತನ್ನು ಬಾಗಿಲಲ್ಲೇ ನಿಂತು ಹೇಳಿದೆ.

"ಅಮ್ಮ, ತರಿಗಿಂತ ಸಣ್ಣ ಪುಡಿನೇ ಕೆಟ್ಟದ್ದು. ಎದೆ ಒಳಗೆ ಹೋಗಿ ಕೂತ್ಬಿಡುತ್ತೆ. ಈ ಕೆಲಸ ಸಾಕು, ಬಿಟ್ಬಿಡು."

"ಬಿಟ್ಟು ಏನ್ ಮಾಡ್ಲಿ? ತರಿ ಮಾರಿದ್ರೆ ಯಾರ್ ತಗೋತಾರೆ? ಆ ಕಮಲಾಕ್ಷಮ್ಮ ಬೆರಳಲ್ಲಿ ಉಜ್ಜಿ ನೋಡಿನೇ ಚೀಲಕ್ಕೆ ಹಾಕ್ಕೊಳ್ಳೋದು."

"ಹಾಗಾದ್ರೆ ಮೂಗಿಗಾದ್ರೂ ಏನಾದ್ರೂ ಕಟ್ಕೊಮ್ಮಾ."

"ಕಟ್ಕೊಳ್ದೆ ಇರ್ತೀನಾ? ನೀನು ಬರೋ ಹೊತ್ತಿಗೆ ಬಿಚ್ಚಿಟ್ಟಿರ್ತೀನಿ, ನೀನು ನೋಡಿಲ್ಲ. ಬುದ್ಧಿ ಇರೋದು ನಿನಗೊಬ್ಳಿಗೇನಾ?"

ನನಗೆ ಹೋದ ಜೀವ ಬಂದಂತಾಯಿತು. "ಎಂಥ ಬಟ್ಟೆ?" ಎಂದೆ.

ಅಮ್ಮ ಗೂಟದ ಮೇಲಿದ್ದ, ಒಗೆದು ಮಡಿಸಿದ ತುಂಡನ್ನು ತೆಗೆದು ಹೆಮ್ಮೆಯಿಂದ ತೋರಿಸಿದಳು.

"ಪುಡಿ ಸೋಸ್ತೀನಲ್ಲ, ಅದೇ ಸೀರೇದು ಇನ್ನೊಂದು ತುಂಡು. ಒಂದೇ ಒಂದು ತರಿನೂ ಒಳಗೆ ಬಿಡಲ್ಲ."